5 ದಿನದ 'ಇಂಟರ್ನ್‌ಶಿಪ್'ಗೆ 7,500 ಕಟ್ಟಿದ ಕಥೆ, 5ಕ್ಕೆ 2 ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಈ ಇಂಟರ್ನ್‌ಶಿಪ್ ಮಾಡಿಸೋ ಏಜೆನ್ಸಿ ಹೆಸ್ರು ಹಾಕಲ್ಲ. ಮಗಳು ಇನ್ನೂ ಅದೇ ಸ್ಕೂಲಲ್ಲಿ ಓದ್ತಿದಾಳೆ, ಸ್ಕೂಲಿಗೂ ಇವ್ರಿಗೂ ಟೈಅಪ್ ಇದೆ, ನಾಳೆ ಪೇರೆಂಟ್ಸ್ ಮೀಟಿಂಗಿಗೆ ಹೋಗ್ಬೇಕಾದವಳು ನಾನೇ. ಆದ್ರೂ ಬರೀತಿದೀನಿ, ಯಾಕಂದ್ರೆ ಬೆಂಗ್ಳೂರಲ್ಲಿ ಈಗ ಇಂಥವು ಬೇಜಾನ್ ಇವೆ, ಏಪ್ರಿಲ್ ಬಂತು ಅಂದ್ರೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಈಜೋದು, ಕರಾಟೆ, ಅಬ್ಯಾಕಸ್ ಪೋಸ್ಟರ್‌ಗಳ ಮಧ್ಯೆ 'ಹೈಸ್ಕೂಲ್ ಮಕ್ಕಳಿಗೆ ಇಂಟರ್ನ್‌ಶಿಪ್' ಅಂತ ಒಂದು ಬಂದು ಬೀಳತ್ತೆ, ನೀವೂ ನನ್ನ ಥರ ರಾತ್ರಿ ಹನ್ನೊಂದು ಗಂಟೆಗೆ ಯುಪಿಐ ಮಾಡ್ಬಿಡ್ತೀರಾ.

ಅವ್ರು ಹೇಳಿದ್ದು ಇಷ್ಟು. 9ನೇ ಕ್ಲಾಸ್ ಮುಗ್ಸಿರೋ ಮಕ್ಕಳು, 5 ದಿನ, ದಿನಕ್ಕೆ 4 ಗಂಟೆ, ನಿಜವಾದ ಆಫೀಸು, ನಿಜವಾದ ಕೆಲ್ಸ, ಕೊನೇಲಿ ಸರ್ಟಿಫಿಕೇಟು. ಲಾಯರ್, ಆರ್ಕಿಟೆಕ್ಟ್, ಪ್ರಾಣಿಗಳ ಕ್ಲಿನಿಕ್, ಡಿಸೈನ್ ಸ್ಟುಡಿಯೋ ಅಂತ ಆಯ್ಕೆ ಇತ್ತು, ನಮ್ಮವಳು ಡಿಸೈನ್ ತಗೊಂಡ್ಳು. ಫಾರಮ್ಮಲ್ಲಿ 'ನಿಮ್ಮ ಪ್ಯಾಷನ್ ಏನು' ಅಂತ ಕೇಳಿದ್ರು, ಇವಳು 'ಇನ್ನೂ ಗೊತ್ತಿಲ್ಲ' ಅಂತ ಬರ್ದು ಕಳ್ಸಿದ್ಳು. ಹದಿನೈದು ವರ್ಷಕ್ಕೆ ಅದೇ ಸರಿಯಾದ ಉತ್ತರ ಅಂತ ನಂಗೆ ಅನ್ಸಿತ್ತು, ಅವ್ರು ಫೋನ್ ಮಾಡಿ 'ಮೇಡಮ್, ಏನಾದ್ರೂ ಒಂದು ಹಾಕಿ, ಸಿಸ್ಟಮ್ ತಗೊಳಲ್ಲ' ಅಂದ್ರು. ಕೊನೆಗೆ 'ಕ್ರಿಯೇಟಿವಿಟಿ' ಅಂತ ಹಾಕಿದ್ವಿ.

ಸೋಮವಾರ ಬಿಡೋಕೆ ಹೋದ್ರೆ ಸ್ಟುಡಿಯೋನೂ ಇಲ್ಲ ಏನೂ ಇಲ್ಲ, ಒಂದು ಕೋವರ್ಕಿಂಗ್ ಜಾಗದ ಮೀಟಿಂಗ್ ರೂಮು, ಅದ್ರಲ್ಲಿ 14 ಮಕ್ಕಳು, ಮುಂದೆ ಪ್ರೊಜೆಕ್ಟರ್. ಮೊದಲನೇ ದಿನ ಪಿಪಿಟಿ. ಎರಡನೇ ದಿನ ಫೋನಲ್ಲಿ ಒಂದು ಫ್ರೀ ಆಪ್ ಹಾಕ್ಕೊಂಡು ಲೋಗೋ ಮಾಡಿ ಅಂದ್ರಂತೆ, ಯಾವ ಅಂಗಡಿ ಲೋಗೋ ಅಂತ ಇವಳು ಕೇಳಿದ್ದಕ್ಕೆ 'ಯಾವ್ದಾದ್ರೂ ಕಾಫಿ ಶಾಪ್ ಅಂತ ಅನ್ಕೊಳಿ'. ಮೂರನೇ ದಿನ ಹೇಳ್ಕೊಡೋರೇ ರಜಾ. ಬದಲಿಗೆ ಬಂದ ಹುಡುಗ ಇಂಜಿನಿಯರಿಂಗ್ ಓದ್ತಿರೋನು, ಪಾಪ, ಒಳ್ಳೆಯವ್ನು, ಮಕ್ಕಳಿಗೆ ಕ್ವಿಜ್ ಮಾಡಿ ಸಮಯ ಕಳ್ದ. ಗುರುವಾರ ಇವಳು ಮನೆಗೆ ಬಂದು 'ಅಮ್ಮಾ, ನನ್ನ ಸರ್ಟಿಫಿಕೇಟ್ ಆಗ್ಲೇ ಪ್ರಿಂಟಾಗಿದೆ, ಟೇಬಲ್ ಮೇಲೆ ನೋಡ್ದೆ, ನಾಳೆ ಹೋಗ್ಲೇಬೇಕಾ' ಅಂತ ಕೇಳಿದ್ಳು. ಏನು ಹೇಳೋದು ಇದಕ್ಕೆ?

ನಮ್ ಕಾಲದಲ್ಲಿ ಎಸ್‌ಯುಪಿಡಬ್ಲ್ಯು ಅಂತ ಕೈಕೆಲಸದ ಪೀರಿಯಡ್ ಇತ್ತು, ನೆನಪಿರ್ಬೇಕು ನಿಮಗೂ. ಅದರ ಪೂರ್ತಿ ಹೆಸರು 'ಸಮ್ ಯೂಸ್‌ಫುಲ್ ಪೀರಿಯಡ್ ವೇಸ್ಟೆಡ್' ಅಂತ ನಗಾಡ್ತಿದ್ವಿ, ಆದ್ರೂ ಕರ್ಚೀಫಿಗೆ ಅಂಚು ಹೊಲಿಯೋದು ಅಲ್ಲೇ ಕಲ್ತಿದ್ದು, ಅದೂ ದುಡ್ಡು ಕೊಡ್ದೆ. ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಪಾಠ ಆಗ್ಬೇಕು ಅಂದಿದ್ರು, ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಲೂ (ಎನ್‌ಇಪಿ) 6ರಿಂದ 8ನೇ ಕ್ಲಾಸಿನ ಮಧ್ಯೆ 10 ದಿನ ಬ್ಯಾಗಿಲ್ದೆ ಹೋಗಿ ಊರಿನ ಬಡಗಿ, ತೋಟದ ಮಾಲಿ, ಕುಂಬಾರರು, ಕಲಾವಿದರು ಇವ್ರ ಹತ್ರ ಇಂಟರ್ನ್ ಆಗ್ಲಿ ಅಂತ ಬರ್ದಿದಾರೆ, 12ನೇ ಕ್ಲಾಸ್‌ವರೆಗೂ ರಜೆಲೂ ಇಂಥ ಅವಕಾಶ ಮಾಡ್ಕೊಡ್ಬಹುದು ಅಂತನೂ ಇದೆ. 2024ರಲ್ಲಿ ಬ್ಯಾಗ್‌ಲೆಸ್ ಡೇಸ್‌ಗೆ ಗೈಡ್‌ಲೈನ್ಸೂ ಬಂತು. ನಮ್ ರಾಜ್ಯದಲ್ಲಿ ಎನ್‌ಇಪಿ ಬೇಕಾ ಬೇಡ್ವಾ ಅನ್ನೋ ಜಗಳ ಬೇರೆ, ಅದು ಬಿಡಿ. ಅಲ್ಲಿ ಬರ್ದಿರೋದು ಬಡಗಿ, ಕುಂಬಾರ ಕಣ್ರೀ, ಎಸಿ ಮೀಟಿಂಗ್ ರೂಮಲ್ಲ.

ಅವ್ರದ್ದು ಒಳ್ಳೇದೂ ಇದೆ, ಹೇಳ್ದೇ ಇದ್ರೆ ತಪ್ಪಾಗತ್ತೆ. ಕೋಆರ್ಡಿನೇಟರ್ ಹುಡುಗಿ ದಿನಾ ಮಗು ಬಂದ ತಕ್ಷಣ ಮೆಸೇಜ್ ಹಾಕ್ತಿದ್ಳು, ಹೊರಟಾಗ ಇನ್ನೊಂದು. ಯಾರು ಕರ್ಕೊಂಡು ಹೋಗ್ತಾರೆ, ಯಾವ ಔಷಧಿ ಅಲರ್ಜಿ, ಫೋಟೋ ಹಾಕ್ಬಹುದಾ ಬೇಡ್ವಾ, ಎಲ್ಲಾ ಮೊದ್ಲೇ ಸೈನ್ ಮಾಡಿಸ್ಕೊಂಡಿದ್ರು. ನಾನು ಫೋಟೋಗೆ ಬೇಡ ಅಂತ ಟಿಕ್ ಹಾಕಿದ್ದೆ, ಅವ್ರ ಪೋಸ್ಟಲ್ಲಿ ನಿಜವಾಗ್ಲೂ ನಮ್ಮವಳ ಮುಖ ಇರ್ಲಿಲ್ಲ. ಮತ್ತೆ ಒಂದು ಡೈರಿ ಕೊಟ್ಟಿದ್ರು, ಅದ್ರಲ್ಲಿ ದಿನಕ್ಕೊಂದು ಪುಟ, ಪ್ರಶ್ನೆ ಎರಡೇ: ಇವತ್ತು ಏನು ತಪ್ಪು ಮಾಡ್ದೆ, ಅದನ್ನ ಯಾರು ತಿದ್ದಿದ್ರು. ಇದನ್ನ ಯಾರು ಯೋಚ್ನೆ ಮಾಡಿದ್ರೋ ಅವ್ರಿಗೆ ನಮಸ್ಕಾರ. ತಮಾಷೆ ಅಂದ್ರೆ ಇವಳ ಡೈರಿಲಿ ಐದೂ ಪುಟ ಖಾಲಿ. ತಪ್ಪು ಮಾಡೋಕೆ ಕೆಲ್ಸ ಅಂತ ಏನಾದ್ರೂ ಕೊಡ್ಬೇಕಲ್ಲ.

ಆ ಖಾಲಿ ಡೈರಿ ನೋಡಿ ನಂಗೆ ಹೊಟ್ಟೆ ಉರೀತು. ನಮ್ ತಮ್ಮನ ಮದ್ವೆ ಲಗ್ನಪತ್ರಿಕೆ ಮಾಡಿಸಿದ್ದು ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಲ್ಲಿ, ಆ ಯಜಮಾನ್ರಿಗೆ ಫೋನ್ ಮಾಡಿ 'ಅಣ್ಣಾ, ಮಗಳನ್ನ ಒಂದು ವಾರ ಕಳಿಸ್ಲಾ, ಸುಮ್ನೆ ನೋಡ್ಕೊಂಡಿರ್ತಾಳೆ' ಅಂದೆ. ಅವ್ರು 'ಮದ್ವೆ ಸೀಸನ್ನು ಕಣಮ್ಮಾ, ಸುಮ್ನೆ ನೋಡೋಕೆ ಜಾಗ ಇಲ್ಲ, ಕೆಲ್ಸ ಮಾಡೋ ಹಾಗಿದ್ರೆ ಕಳ್ಸು' ಅಂದ್ರು. ಅಲ್ಲಿಗೆ ಇಂಟರ್ವ್ಯೂ ಮುಗೀತು.

ಕಾನೂನೂ ನೋಡ್ದೆ, ಭಯ ಇತ್ತು. 1986ರ ಬಾಲಕಾರ್ಮಿಕ ಕಾಯ್ದೆ, 2016ರಲ್ಲಿ ತಿದ್ದುಪಡಿ ಆಯ್ತಲ್ಲ, ಅದ್ರ ಪ್ರಕಾರ 14ರ ಒಳಗಿನವ್ರನ್ನ ಕೆಲ್ಸಕ್ಕೆ ಇಟ್ಕೊಳೋ ಹಾಗೇ ಇಲ್ಲ, ಮನೆಯವ್ರ ಕೆಲ್ಸಕ್ಕೆ ಸ್ಕೂಲ್ ಬಿಟ್ಮೇಲೆ ಕೈ ಜೋಡ್ಸೋದು, ಬಾಲನಟರು, ಇಷ್ಟೇ ಹೊರತು. 14ರಿಂದ 18ರವ್ರನ್ನ ಅಪಾಯದ ಕೆಲ್ಸಕ್ಕೆ ಹಾಕೋ ಹಾಗಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರ ಮಧ್ಯೆ ಇಲ್ಲ, ಒಂದೇ ಸಮ 3 ಗಂಟೆ ಆದ್ರೆ ಒಂದು ಗಂಟೆ ಬಿಡುವು ಕೊಡ್ಬೇಕು. ನಾವು ಕಳ್ಸೋದು ಕಲಿಯೋಕೆ, ಸಂಬಳಕ್ಕಲ್ಲ, ಆದ್ರೂ ಅದೇ ಲೆಕ್ಕ ಇಟ್ಕೊಂಡ್ವಿ. ಬೆಳಿಗ್ಗೆ 10ರಿಂದ 1. ಊಟಕ್ಕೆ ಮನೆಗೆ. ಯಜಮಾನ್ರು ಮೊದಲನೇ ದಿನ ಮಾಡಿದ್ದು ಏನ್ ಗೊತ್ತಾ, ಸೀಮೆಸುಣ್ಣ ತಗೊಂಡು ಕಟಿಂಗ್ ಮೆಷಿನ್ ಸುತ್ತ ನೆಲದ ಮೇಲೆ ಒಂದು ಗೆರೆ ಎಳದ್ರಂತೆ. 'ಮಗಾ, ಇದು ದಾಟಿದ್ರೆ ಅವತ್ತೇ ಮನೆಗೆ.' ಏಜೆನ್ಸಿಯವ್ರ ಆರು ಪುಟದ ಸೇಫ್ಟಿ ಪಾಲಿಸಿಗಿಂತ ನಂಗೆ ಈ ಗೆರೆ ಮೇಲೇ ನಂಬಿಕೆ ಬಂತು.

ಕೆಲ್ಸ ಏನಪ್ಪಾ ಅಂದ್ರೆ ಮೊದಲೆರಡು ದಿನ ಪೇಪರ್ ಬಿಡಿಸೋದು. ಒಂದು ರೀಮು 500 ಹಾಳೆ, ಅದನ್ನ ಬೀಸಣಿಗೆ ಥರ ಬಿಚ್ಚಿ ಮಧ್ಯೆ ಗಾಳಿ ಆಡೋ ಹಾಗೆ ಮಾಡ್ದೇ ಇದ್ರೆ ಮೆಷಿನ್ನು ಎರಡೆರಡು ಹಾಳೆ ಒಟ್ಟಿಗೆ ಎಳ್ಕೊಳತ್ತಂತೆ. ಸಂಜೆ ಅಡುಗೆಮನೇಲಿ ನನ್ನ ಮುಂದೆ ಹಳೇ ನ್ಯೂಸ್‌ಪೇಪರ್ ಇಟ್ಕೊಂಡು ಹೆಂಗೆ ಬಿಡಿಸ್ಬೇಕು ಅಂತ ತೋರಿಸ್ತಿದ್ಳು, ಒಗ್ಗರಣೆ ಸೀದುಹೋಯ್ತು. ಬೈಂಡಿಂಗ್ ಮಾಡೋ ಅಕ್ಕ ಒಬ್ರು ಒಂದು ಹಾಳೆನ ಮೂರು ಸಲ ಮಡಚಿ ಪುಟ ಪುಟಕ್ಕೂ ನಂಬರ್ ಬರ್ಸಿ ಆಮೇಲೆ ಬಿಚ್ಚಿ ತೋರಿಸಿದ್ರಂತೆ, 1ರ ಪಕ್ಕ 16, 4ರ ಪಕ್ಕ 13, 8ರ ಪಕ್ಕ 9, ಅದೂ ಕೆಲವು ತಲೆಕೆಳಗೆ. ಇವಳು ಸ್ವಲ್ಪ ಹೊತ್ತು ನೋಡಿ 'ಅಕ್ಕಾ, ಪಕ್ಕಪಕ್ಕದ್ದು ಕೂಡಿದ್ರೆ ಎಲ್ಲಾ 17 ಬರ್ತಿದೆ' ಅಂದ್ಳಂತೆ. ಅಕ್ಕ 'ಹೌದೇನೆ? ನಾನು ಇಪ್ಪತ್ತು ವರ್ಷದಿಂದ ಮಡಚ್ತಿದೀನಿ, ಕೂಡಿ ನೋಡಿರ್ಲಿಲ್ಲ' ಅಂತ ನಕ್ಕರಂತೆ. ಲೆಕ್ಕದಲ್ಲಿ ಪಾಸಾದ್ರೆ ಸಾಕು ಅಂತ ದೇವರಿಗೆ ಹರಕೆ ಹೊತ್ತಿರೋ ಹುಡುಗಿ ಇವಳು.

ಮೂರನೇ ದಿನದಿಂದ ಪ್ರೂಫ್ ನೋಡೋಕೆ ಕೂರಿಸಿದ್ರು. ಜನ ವಾಟ್ಸಾಪಲ್ಲಿ ಯುನಿಕೋಡಲ್ಲಿ ಟೈಪ್ ಮಾಡಿ ಕಳಿಸ್ತಾರೆ, ಪ್ರೆಸ್ಸಿನ ಹಳೇ ಸಾಫ್ಟ್‌ವೇರಿಗೆ ನುಡಿ ಅನ್ನೋ ಹಳೇ ಥರದ ಕನ್ನಡ ಫಾಂಟೇ ಬೇಕು, ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಎಲ್ಲೋ ಹಾರಿಹೋಗತ್ತೆ. 'ಮುಹೂರ್ತ' ಹೋಗಿ 'ಮುಹೂತ' ಆಗಿದ್ದನ್ನ ಇವಳು ಹಿಡಿದ್ಳು, ಒಂದೇ ಪತ್ರಿಕೇಲಿ ಆರು ತಪ್ಪು. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್ ಆಗಿರೋಳು, 'ಚಿ||ಸೌ||' ಅಂದ್ರೆ ಏನು ಅಂತ ನಂಗೆ ಫೋನ್ ಮಾಡಿ ಕೇಳಿದ್ಳು. ಬಲು ಹೆಮ್ಮೆಯಿಂದ ತೋರ್ಸೋಕೆ ಹೋದ್ರೆ ಯಜಮಾನ್ರು ಒಂದೇ ಸಲ ಕಣ್ಣಾಡ್ಸಿ ವಾಪಸ್ ಕೊಟ್ರಂತೆ, ತಾರೀಖು ಒಂದು, ವಾರ ಇನ್ನೊಂದು, ಅದನ್ನ ಇವಳು ನೋಡೇ ಇಲ್ಲ. 'ಅಕ್ಷರ ತಪ್ಪಾದ್ರೆ ಜನ ನಗ್ತಾರೆ ಕಣಮ್ಮಾ, ವಾರ ತಪ್ಪಾದ್ರೆ ಛತ್ರಕ್ಕೇ ಬರಲ್ಲ, ಮೊದ್ಲು ಕ್ಯಾಲೆಂಡರ್ ತಗಿ.' ಅವತ್ತು ರಾತ್ರಿ ಆ ಡೈರಿಲಿ ಮೊದಲನೇ ಪುಟ ತುಂಬ್ತು, ಪೂರ್ತಿ.

ಈಗ ವಾಪಸ್ ಏಜೆನ್ಸಿಗೆ. ರೀಫಂಡ್ ಕೇಳ್ದೆ, ಮೂರನೇ ದಿನದ್ದಾದ್ರೂ ಕೊಡಿ ಅಂತ. 'ಸೆಷನ್ ನಡ್ದಿದೆ ಮೇಡಮ್, ಅಟೆಂಡೆನ್ಸ್ ಇದೆ' ಅಂದ್ರು. ಆಮೇಲೆ 5 ಸ್ಟಾರ್ ರಿವ್ಯೂ ಹಾಕಿದ್ರೆ ಮುಂದಿನ ಬ್ಯಾಚಿಗೆ 500 ಕಡಿಮೆ ಮಾಡ್ತೀವಿ ಅಂತ ಮೆಸೇಜು. ಹಾಕಿಲ್ಲ. 2 ಸ್ಟಾರ್ ಕೊಡ್ತಿದೀನಿ, ಒಂದು ಆ ಕೋಆರ್ಡಿನೇಟರ್ ಹುಡುಗಿಗೆ, ಒಂದು ಡೈರಿಗೆ.

ನೋಡಿ, ಎಲ್ಲರಿಗೂ ಪ್ರೆಸ್ಸಿನ ಯಜಮಾನ್ರು ಪರಿಚಯ ಇರಲ್ಲ, ನಂಗೂ ಗೊತ್ತು, ಊರಿಗೆ ಹೊಸದಾಗಿ ಬಂದಿರೋರಿಗೆ ಇಂಥ ಸರ್ವೀಸ್ ಬೇಕೇಬೇಕು. ದುಡ್ಡು ಕಟ್ಟೋಕೆ ಮುಂಚೆ ಮಗು ಯಾರ ಪಕ್ಕ ಕೂರತ್ತೆ, ಆ ಮನುಷ್ಯ ಅವತ್ತು ಏನು ಕೆಲ್ಸ ಮಾಡ್ತಿರ್ತಾನೆ, ಒಬ್ರಿಗೆ ಎಷ್ಟು ಮಕ್ಕಳು, ಅವ್ರು ರಜಾ ಹಾಕಿದ್ರೆ ಯಾರು, ಇಷ್ಟು ಕೇಳಿ. ಬ್ರೋಷರ್ ಕಳಿಸ್ತೀವಿ ಅಂದ್ರೆ ಫೋನ್ ಇಟ್ಬಿಡಿ. ಜಾಗಕ್ಕೆ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಬಾತ್‌ರೂಮ್ ಸಮೇತ. ಪ್ರೆಸ್ಸಿನ ಬಾತ್‌ರೂಮ್ ಮಾತ್ರ ಚೆನ್ನಾಗಿಲ್ಲ, ದಿನಕ್ಕೆ 3 ಗಂಟೆಗಿಂತ ಜಾಸ್ತಿ ಕಳಿಸ್ದೇ ಇದ್ದಿದ್ದಕ್ಕೆ ಅದೂ ಒಂದು ಕಾರಣ, ಸತ್ಯ ಹೇಳ್ಬೇಕಲ್ಲ.

ಸರ್ಟಿಫಿಕೇಟ್ ಎರಡು ಇದೆ ಈಗ ಮನೇಲಿ. ಏಜೆನ್ಸಿದು ಲ್ಯಾಮಿನೇಟ್ ಆಗಿ ಫೈಲಲ್ಲಿದೆ, ಇವಳ ಹೆಸ್ರಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪು, ಇವಳೇ ಕೆಂಪು ಪೆನ್ನಲ್ಲಿ ಪ್ರೂಫ್ ಗುರುತು ಹಾಕಿಟ್ಟಿದಾಳೆ. ಪ್ರೆಸ್ಸಿನವ್ರದ್ದು ಹಳೇ ಬಿಲ್‌ಬುಕ್ಕಿನ ಹಿಂದ್ಗಡೆ ಬರ್ದಿರೋದು, ದಸರಾ ರಜೆಗೆ ಕ್ಯಾಲೆಂಡರ್ ಕೆಲ್ಸ ಶುರುವಾಗತ್ತೆ, ಹುಡುಗೀನ ಕಳ್ಸಿ ಅಂತ.