ಮಾಗಡಿ ಕಡೆಯ ರೆಸಾರ್ಟ್: ಮುದ್ದೆಗೆ ಪೂರ್ತಿ ಅಂಕ, ಸ್ಪೀಕರ್‌ಗೆ ಸೊನ್ನೆ

ಶುಕ್ರವಾರದ ರಜೆ ಸೇರಿ ಉದ್ದದ ವೀಕೆಂಡ್ ಸಿಕ್ಕಿತ್ತು. ಇಂಥ ರಜೆಯಲ್ಲಿ ನಂದಿ ಬೆಟ್ಟಕ್ಕೆ ಹೋದರೆ ಸೂರ್ಯೋದಯವನ್ನು ಕಾರಲ್ಲೇ ಕೂತು ನೋಡಬೇಕು, ಅಲ್ವಾ? ಅದಕ್ಕೇ ಅಮ್ಮನನ್ನು ಕರೆದುಕೊಂಡು ಮಾಗಡಿ ರಸ್ತೆ ಹಿಡಿದೆವು. ಸುಂಕದಕಟ್ಟೆಯ ಟ್ರಾಫಿಕ್ ದಾಟಿ ತಾವರೆಕೆರೆ ಬಂದರೆ ಆಮೇಲೆ ಆರಾಮ.

ಕಾಟೇಜಿನ ಜಗಲಿಯಿಂದ ಸಾವನದುರ್ಗ ಎದುರಿಗೇ ಕಾಣುತ್ತದೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಹತ್ತುವ ಹುಮ್ಮಸ್ಸು ನಮಗಿರಲಿಲ್ಲ, ಸುಮ್ನೆ ಕಾಫಿ ಕುಡಿಯುತ್ತಾ ನೋಡಿದೆವು. ಮಳೆ ನಿಂತ ಮೇಲೆ ಬಂಡೆಯ ಮೇಲೆ ನೀರಿಳಿದ ಕಪ್ಪು ಗೆರೆಗಳು ಬಿಸಿಲಿಗೆ ಹೊಳೆಯುತ್ತವೆ.

ಬಫೆಯ ಗೋಬಿ, ನೂಡಲ್ಸ್ ಬಿಡಿ, ಅದು ನಮ್ಮ ಬೀದಿಯಲ್ಲೇ ಸಿಗುತ್ತದೆ. ಮುದ್ದೆ ಬೇಕು ಅಂತ ಬೆಳಗ್ಗೆಯೇ ಅಡುಗೆಮನೆಗೆ ಹೇಳಿಡಿ. ಬೆರಳು ಸುಡುವಷ್ಟು ಬಿಸಿ, ಒಂದೂ ಗಂಟಿಲ್ಲ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಅದೇ ಕಾಳಿನ ಪಲ್ಯ, ಮೇಲೊಂದು ಚಮಚ ತುಪ್ಪ. ಬಡಿಸುವ ಅಕ್ಕ "ಇನ್ನರ್ಧ ಹಾಕ್ತೀನಿ, ಬೇಡ ಅನ್ಬೇಡಿ" ಅಂತ ಹಾಕಿಯೇ ಬಿಟ್ಟರು. ಬೇರೆಯವರ ಸಾರಿಗೆ ಸದಾ ಉಪ್ಪು ಕಮ್ಮಿ ಅನ್ನುವ ನಮ್ಮಮ್ಮ ಇಲ್ಲಿ ತುಟಿ ಪಿಟಕ್ ಅನ್ನಲಿಲ್ಲ.

ರೂಮು ಕೊಟ್ಟಿದ್ದು ಮಾತ್ರ ಹೇಳಿದ್ದಕ್ಕಿಂತ ತುಂಬಾ ತಡವಾಗಿ. ಶನಿವಾರ ರಾತ್ರಿ ಈಜುಕೊಳದ ಹತ್ತಿರ ಸ್ಪೀಕರ್ ಹಾಕಿ ಕಿವಿ ಕಿತ್ತುಹೋಗುವಂತೆ ಹಾಡು. ನೆಮ್ಮದಿ ಅಂತ ದುಡ್ಡು ಕೊಟ್ಟವರಿಗೆ ಇದೇನು ಶಿಕ್ಷೆ? ಬುಕ್ ಮಾಡುವಾಗಲೇ ಮಾವಿನ ತೋಪಿನ ಕಡೆಯ ಕಾಟೇಜ್ ಕೇಳಿ. ಅಲ್ಲಿಗೆ ಗಲಾಟೆ ಅಷ್ಟು ಕೇಳಿಸಲ್ಲ.