ತೂಕ ಹಾಕಿ ಕೊಡುವ ಬೇಕಿಂಗ್ ಟ್ರೇ: ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಪಾತ್ರೆ ಅಂಗಡಿ

ಹಾಸನದಲ್ಲಿದ್ದು ಮನೆಯಲ್ಲೇ ಕೇಕ್, ಬ್ರೆಡ್ ಮಾಡುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಟ್ರೇ ತರಿಸುವ ಮೊದಲು ಕಟ್ಟಿನಕೆರೆ ಮಾರ್ಕೆಟ್ ಕಡೆಯ ಪಾತ್ರೆ ಅಂಗಡಿಗಳಿಗೆ ಒಂದು ಸಲ ಹೋಗಿ ಬನ್ನಿ. ನಾನು ಹೋಗುವುದು ಅಲ್ಲಿನ ಒಂದು ಹಳೇ ಅಂಗಡಿಗೆ. ಮುಂದೆ ಕುಕ್ಕರ್, ಸ್ಟೀಲ್ ಡಬ್ಬಿ. ಹಿಂದಿನ ಗೋಡೆಗೆ ಬೇಕರಿಯವರಿಗಾಗಿ ಇಟ್ಟಿರುವ ಅಲ್ಯೂಮಿನಿಯಂ ಟ್ರೇ, ಕೇಕ್ ಟಿನ್, ಬ್ರೆಡ್ ಅಚ್ಚು.

ಬೇಕರಿ ನಮ್ಮೂರಿಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಹಾಸನದ ಕಡೆಯವರು. ಅಯ್ಯಂಗಾರ್ ಬೇಕರಿ ಇಟ್ಟ ಎಷ್ಟೋ ಮನೆತನಗಳೂ ಈ ಕಡೆಯವೇ. ಯಾವುದಾದರೂ ಬೇಕರಿಯ ಒಳಗೆ ಇಣುಕಿ ನೋಡಿ. ದಿನವಿಡೀ ಒಲೆಗೆ ಹೋಗಿ ಬರುವ ಟ್ರೇಗೆ ಬಣ್ಣ ಇರುವುದಿಲ್ಲ, ಹೊಳಪೂ ಇರುವುದಿಲ್ಲ. ಬರೀ ತಗಡು. ಮನೆಗೂ ಅಂಥದ್ದೇ ಸಾಕು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಈ ಅಂಗಡಿ ನನಗೆ ಇಷ್ಟವಾಗಲು ಮುಖ್ಯ ಕಾರಣ, ಇಲ್ಲಿ ಟ್ರೇಯನ್ನು ತೂಕ ಹಾಕಿ ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ತಗಡು ದಪ್ಪ ಇದ್ದರೆ ಕಾಸು ಜಾಸ್ತಿ, ತೆಳು ಇದ್ದರೆ ಕಡಿಮೆ. ಮುಚ್ಚುಮರೆ ಏನೂ ಇಲ್ಲ. ಗೇಜ್ ಎಷ್ಟು ಅಂತ ಕೇಳಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್. 24 ಗೇಜ್ ಅದರ ಅರ್ಧವೂ ಇರುವುದಿಲ್ಲ. ನನ್ನ ಹತ್ತಿರ ಇರುವುದು 14 ಇಂಚು ಉದ್ದ, 10 ಇಂಚು ಅಗಲ, 2 ಇಂಚು ಆಳದ 18 ಗೇಜ್ ಟ್ರೇ. ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ.

ಆ ದಪ್ಪ ಯಾಕೆ ಬೇಕು ಅಂತ ಆಲೂಗಡ್ಡೆ ಸುಟ್ಟರೆ ಗೊತ್ತಾಗುತ್ತದೆ. ನಮ್ಮ ಕಡೆ ಹೊಸ ಆಲೂಗಡ್ಡೆ ಬಂದಾಗ ಅರೆಬೇಯಿಸಿ, ನೀರು ಬಸಿದು, ಪಾತ್ರೆಯಲ್ಲೇ ಕುಲುಕಿ ಮೇಲ್ಮೈ ತರಿತರಿ ಮಾಡಿಕೊಳ್ಳುತ್ತೇನೆ. ಟ್ರೇಯಲ್ಲಿ ಎಣ್ಣೆ ಹಾಕಿ 220 ಡಿಗ್ರಿಗೆ ಕಾಯಿಸಿ, ಆಮೇಲೆ ಆಲೂಗಡ್ಡೆ ಸುರಿಯುತ್ತೇನೆ. ತೆಳು ಟ್ರೇ ಆದರೆ ಇಲ್ಲಿಗೇ ಟಪ್ ಅಂತ ಸದ್ದು ಮಾಡಿ ಸೊಟ್ಟಗಾಗುತ್ತದೆ. ತಗಡಿನ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಆದಾಗ ಒಂದೇ ಸಮ ಹಿಗ್ಗುವುದಿಲ್ಲ, ಅದಕ್ಕೇ ಹೀಗೆ. ಎಣ್ಣೆಯೆಲ್ಲ ಒಂದು ಮೂಲೆಗೆ ಹರಿದು ಅಲ್ಲಿನ ಹೋಳು ಕರಿದ ಹಾಗಾಗುತ್ತವೆ, ಎದುರು ಮೂಲೆಯವು ಒಣಗುತ್ತವೆ. ದಪ್ಪ ಟ್ರೇಯಲ್ಲಿ ಎಣ್ಣೆ ನಿಂತಲ್ಲೇ ನಿಲ್ಲುತ್ತದೆ. ಹೋಳು ತಿರುವಿ ಹಾಕಿದಾಗ ಎಲ್ಲದರ ತಳವೂ ಒಂದೇ ಹೊಂಬಣ್ಣ. ಅದನ್ನು ನೋಡುವುದೇ ಒಂದು ಖುಷಿ.

ತಗೊಳ್ಳುವಾಗ ಟ್ರೇಯನ್ನು ಗಾಜಿನ ಕೌಂಟರ್ ಮೇಲಿಟ್ಟು ಎದುರುಬದುರು ಮೂಲೆ ಒತ್ತಿ ನೋಡಿ. ಅಲ್ಲಾಡಬಾರದು. ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ. ನಾನು ಹೀಗೆ ಮಾಡಿದರೆ ಯಜಮಾನರು ಬೇಜಾರು ಮಾಡಿಕೊಳ್ಳುವುದಿಲ್ಲ. "ನೋಡಿ ಅಕ್ಕ, ಸರಿಯಾಗೇ ನೋಡಿ ತಗೊಳ್ಳಿ, ಆಮೇಲೆ ವಾಪಸ್ ತರಬೇಡಿ" ಅನ್ನುತ್ತಾರೆ, ಅಷ್ಟೇ. ಅಂಚನ್ನೂ ಬೆರಳಾಡಿಸಿ ನೋಡಿ. ಒಳಗೆ ತಂತಿ ಇಟ್ಟು ಮಡಚಿದ ಅಂಚು ಗಟ್ಟಿ, ಬೇಗ ಸೊಟ್ಟಗಾಗುವುದಿಲ್ಲ. ಆದರೆ ಆ ತಂತಿ ಕಬ್ಬಿಣದ್ದಾದರೆ, ಮಡಿಕೆಯಲ್ಲಿ ನೀರು ಉಳಿದು ತುಕ್ಕು ಹಿಡಿಯುತ್ತದೆ. ತೊಳೆದ ಮೇಲೆ ಒರೆಸಿ, ಆರಿಸಿದ ಓವನ್‌ನ ಉಳಿದ ಬಿಸಿಗೆ ಹತ್ತು ನಿಮಿಷ ಇಟ್ಟುಬಿಡಿ. ಮಳೆಗಾಲದಲ್ಲಂತೂ ಇದನ್ನು ಬಿಡಲೇಬಾರದು.

ಸ್ಟೀಲ್ ಟ್ರೇ ಬೇಡ. ಅಲ್ಯೂಮಿನಿಯಂ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ಹರಡುತ್ತದೆ. ನಾನ್‌ಸ್ಟಿಕ್ ಕೂಡ ಸುಡುವ ಕೆಲಸಕ್ಕೆ ಬೇಡ. 260 ಡಿಗ್ರಿ ದಾಟಿದರೆ ಆ ಲೇಪ ಕೆಡುತ್ತದೆ, ಸಣ್ಣ ಓವನ್‌ನಲ್ಲಿ ಕಾಯುವ ಕಂಬಿ ಟ್ರೇಗೆ ತೀರಾ ಹತ್ತಿರ ಇರುತ್ತದೆ. ಮನೆಯಲ್ಲಿ ಈಗಾಗಲೇ ಕಪ್ಪು ಟಿನ್ ಇದ್ದರೆ ಕೇಕ್‌ಗೆ ಬಳಸಿ. ಕಪ್ಪು ತಗಡು ಬೇಗ ಶಾಖ ಹೀರುವುದರಿಂದ 10–15 ಡಿಗ್ರಿ ಕಡಿಮೆ ಇಡಿ.

ಹೊರಡುವ ಮುಂಚೆ ಓವನ್‌ನ ಒಳಅಳತೆ ತಗೊಳ್ಳಿ. ಟ್ರೇ ಸುತ್ತ ಒಂದು ಇಂಚಾದರೂ ಜಾಗ ಇರಬೇಕು, ಇಲ್ಲದಿದ್ದರೆ ಬಿಸಿಗಾಳಿ ಆಡುವುದಿಲ್ಲ. ಇನ್ನೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ: 8 ಇಂಚಿನ ದುಂಡು ಟಿನ್‌ಗೆ ಹಿಡಿಸುವ ಹಿಟ್ಟು 7 ಇಂಚಿನ ಚೌಕ ಟಿನ್‌ಗೆ ಸರಿಹೋಗುತ್ತದೆ.

ಬರೀ ಅಲ್ಯೂಮಿನಿಯಂಗೆ ಹುಳಿ ಆಗುವುದಿಲ್ಲ. ಮೊಸರು, ನಿಂಬೆಹಣ್ಣು ಹಚ್ಚಿದ ಕೋಳಿಯನ್ನು ಸ್ಟೀಲ್ ಪಾತ್ರೆಯಲ್ಲೇ ನೆನೆಸಿಡಿ. ಓವನ್‌ಗೆ ಹೋಗುವಾಗ ಮಾತ್ರ ಬೇಕಿಂಗ್ ಪೇಪರ್ ಹಾಸಿದ ಟ್ರೇಗೆ ಹಾಕಿ. ಉಳಿದದ್ದನ್ನು ಟ್ರೇಯಲ್ಲೇ ಫ್ರಿಜ್‌ಗೆ ಇಡಬೇಡಿ. ಸೋಡಾದಲ್ಲೂ ತೊಳೆಯಬೇಡಿ, ಬೂದು ಬಣ್ಣಕ್ಕೆ ತಿರುಗುತ್ತದೆ. ಡಿಶ್‌ವಾಷರ್ ಪುಡಿಯೂ ಅದನ್ನೇ ಮಾಡುತ್ತದೆ. ಬಿಸಿ ಟ್ರೇಯನ್ನು ನಲ್ಲಿ ಕೆಳಗೆ ಹಿಡಿದರೆ ದಪ್ಪ ತಗಡೂ ಸೊಟ್ಟಗಾಗುತ್ತದೆ. ಆರಲಿ. ಆಮೇಲೆ ಬಿಸಿನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಅಂಟಿದ್ದೆಲ್ಲ ಮರದ ಸೌಟಿಗೇ ಏಳುತ್ತದೆ. ಕಬ್ಬಿಣದ ಸ್ಕ್ರಬ್ಬರ್ ಮುಟ್ಟಲೇಬೇಡಿ. ಮೂಲೆಗಳಲ್ಲಿ ಕಂದು ಕಲೆ ಉಳಿದರೆ ಉಳಿಯಲಿ, ಅದರಿಂದ ಏನೂ ತೊಂದರೆ ಇಲ್ಲ.

ಅಂಗಡಿಯಲ್ಲಿ ಕೊರತೆಯೂ ಇದೆ. ಬ್ರೆಡ್ ಅಚ್ಚಿನ ಮೂಲೆಗಳನ್ನು ಮಡಚಿರುವ ರೀತಿ ಒರಟು, ಮಡಿಕೆಯಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ. ತಳ ಕಳಚುವ ಕೇಕ್ ಟಿನ್ ಇಲ್ಲಿ ತಗೋಬೇಡಿ. ತಳ ಬಿಗಿಯಾಗಿ ಕೂರುವುದಿಲ್ಲ, ತೆಳು ಹಿಟ್ಟು ಸೋರುತ್ತದೆ. ಟ್ರೇ ಮತ್ತು ದುಂಡು ಟಿನ್‌ಗೆ ಮಾತ್ರ ನಾನು ಇನ್ನೊಂದು ಅಂಗಡಿ ಹುಡುಕುವುದಿಲ್ಲ.