ಥ್ರೆಡ್‌ನಿಂದ ಥ್ರೆಡ್‌ಗೆ ಮೆಸೇಜ್: ತಡ ಅಳೆಯಲು ಟೈಮ್‌ಸ್ಟ್ಯಾಂಪೋ, ಸ್ಕೋಪೋ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಮಷೀನ್ ಕಂಟ್ರೋಲರ್ ಮುಂದೆ ಕೂತಾಗ ಎದುರಾದ ಪ್ರಶ್ನೆ ಇದು. ಸೆನ್ಸರ್ ಥ್ರೆಡ್ (ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಓಡುವ ಕೆಲಸಗಳಲ್ಲಿ ಒಂದು) ಕ್ಯೂಗೆ, ಅಂದರೆ ಮೆಸೇಜ್‌ಗಳ ಸಾಲಿಗೆ, ಹಾಕಿದ ಮೆಸೇಜ್ ಮೋಟಾರ್ ಥ್ರೆಡ್ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ?

ಟೈಮ್‌ಸ್ಟ್ಯಾಂಪ್‌ಗೆ ಖರ್ಚಿಲ್ಲ. ಕಳಿಸುವ ಮುಂಚೆ ಸಮಯವನ್ನು ಮೆಸೇಜ್ ಒಳಗೇ ಇಡಿ, ಸಿಕ್ಕ ಕೂಡಲೇ ಮತ್ತೆ ಓದಿ, ಕಳೆಯಿರಿ. ಲಿನಕ್ಸ್‌ನಲ್ಲಿ ಮೊನೊಟೊನಿಕ್ ಗಡಿಯಾರವನ್ನೇ (ಎಂದೂ ಹಿಂದೆ ಸರಿಯದ್ದು) ಬಳಸಿ. ಗೋಡೆ ಗಡಿಯಾರದ, ಅಂದರೆ ಸಿಸ್ಟಮ್ ತೋರಿಸುವ ದಿನಾಂಕ-ವೇಳೆಯ, ಸಮಯವನ್ನು ನಡುವೆ ಯಾರಾದರೂ ತಿದ್ದಿದರೆ ಲೆಕ್ಕ ಕೆಟ್ಟಿತು. ನಾನು ಮಾಡಿದ ತಪ್ಪು ಬೇರೆ. ಪ್ರತಿ ಅಳತೆಯನ್ನೂ ಲೂಪ್ ಒಳಗೇ ಪ್ರಿಂಟ್ ಮಾಡುತ್ತಿದ್ದೆ. ಅಳೆದದ್ದು ಕ್ಯೂ ಅಲ್ಲ, ನನ್ನ ಪ್ರಿಂಟ್‌ಎಫ್! ಅರೇಯಲ್ಲಿ ತುಂಬಿಸಿ, ಕೊನೆಗೆ ಪ್ರಿಂಟ್ ಮಾಡಿ. ಸರಾಸರಿ ನೋಡಿ ಖುಷಿಪಡಬೇಡಿ. ರಿಯಲ್-ಟೈಮ್‌ನಲ್ಲಿ (ಗಡುವಿನೊಳಗೆ ಕೆಲಸ ಮುಗಿಯಲೇಬೇಕಾದ ಕಡೆ) ಬೇಕಾದದ್ದು ಅತಿ ಜಾಸ್ತಿ ತಡ, ಅದೂ ಸಿಪಿಯು ಮೇಲೆ ಲೋಡ್ ಹಾಕಿದಾಗ.

ಸ್ಕೋಪ್ (ಆಸಿಲೋಸ್ಕೋಪ್, ವೋಲ್ಟೇಜ್ ಏರಿಳಿತವನ್ನು ಪರದೆ ಮೇಲೆ ತೋರಿಸುವ ಉಪಕರಣ) ದಾರಿಯಲ್ಲಿ, ಮೆಸೇಜ್ ಕಳಿಸುವಾಗ ಬೋರ್ಡ್‌ನ ಒಂದು ಪಿನ್‌ನ ವೋಲ್ಟೇಜ್ ಏರಿಸಿ, ಸಿಕ್ಕಾಗ ಇಳಿಸುತ್ತೀರಿ. ನಡುವಿನ ಅಗಲವೇ ತಡ. ಪರ್ಸಿಸ್ಟೆನ್ಸ್ ಆನ್ ಮಾಡಿ ಚಹಾ ಕುಡಿದು ಬನ್ನಿ, ಅಪರೂಪಕ್ಕೆ ಬಂದ ತಡವೂ ಪರದೆ ಮೇಲೆ ಉಳಿದಿರುತ್ತದೆ. ಪಿನ್ ರಿಜಿಸ್ಟರ್‌ಗೆ (ಪಿನ್ ನಿಯಂತ್ರಿಸುವ ಚಿಪ್‌ನ ಒಳ ಜಾಗ) ನೇರವಾಗಿ ಬರೆಯಬೇಕು, ಲಿನಕ್ಸ್‌ನ ಫೈಲ್ ಮೂಲಕ ಬರೆದರೆ ಆ ತಡವೂ ಸೇರುತ್ತದೆ.

ಲಿನಕ್ಸ್ ಬದಲು ಫ್ರೀಆರ್‌ಟಿಒಎಸ್ (ಚಿಕ್ಕ ಚಿಪ್‌ಗಳ ರಿಯಲ್-ಟೈಮ್ ಓಎಸ್) ಆದರೆ ಅದರ ಟಿಕ್ (ಸಮಯದ ಬಡಿತ) ಎಣಿಕೆ ನಂಬಬೇಡಿ. 1000 ಹರ್ಟ್ಜ್ ಟಿಕ್ ಅಂದರೆ 1 ಮಿಲಿಸೆಕೆಂಡ್, ಅದಕ್ಕಿಂತ ಕಡಿಮೆ ತಡಕ್ಕೆ ಹೆಚ್ಚಾಗಿ ಸುಮ್ನೆ ಸೊನ್ನೆ ತೋರಿಸುತ್ತದೆ. ಕಾರ್ಟೆಕ್ಸ್-ಎಂ4 ಪ್ರೊಸೆಸರ್‌ನಲ್ಲಿ ಸೈಕಲ್ ಕೌಂಟರ್ (ಪ್ರೊಸೆಸರ್ ಗಡಿಯಾರದ ಪ್ರತಿ ಬಡಿತವನ್ನೂ ಎಣಿಸುವುದು) ಇದೆ: 168 ಮೆಗಾಹರ್ಟ್ಜ್‌ನಲ್ಲಿ ಒಂದು ಸೈಕಲ್ ಸುಮಾರು 6 ನ್ಯಾನೊಸೆಕೆಂಡ್.

ಲಿನಕ್ಸ್‌ಗೆ ಆರ್‌ಟಿ-ಟೆಸ್ಟ್ಸ್ ಎಂಬ ಪರೀಕ್ಷಾ ಪ್ರೋಗ್ರಾಂಗಳ ಗುಂಪಿನಲ್ಲಿ ಕ್ಯೂ ತಡ ಅಳೆಯುವ ಪಿಎಂಕ್ಯೂಟೆಸ್ಟ್ ಕೂಡ ಇದೆ. ಆದರೆ ಅದು ಅಳೆಯುವುದು ತನ್ನದೇ ಕ್ಯೂ, ನಿಮ್ಮದಲ್ಲ ಅಲ್ವಾ? ಹೊಸ ಬೋರ್ಡ್ ಪರೀಕ್ಷೆಗೆ ಸಾಕು.

ನಾನಾದರೆ ದಿನನಿತ್ಯಕ್ಕೆ ಟೈಮ್‌ಸ್ಟ್ಯಾಂಪ್, ಮಷೀನ್ ಗಿರಾಕಿಗೆ ಕೊಡುವ ಮುಂಚೆ ಒಂದು ರಾತ್ರಿಯಿಡೀ ಸ್ಕೋಪ್.